ಎಲೆ, ಪಣ, ಮಾಯೆ: ಪೋಕರ್ ಆಟದ ನಿಯಮಗಳು ರೂಪುಗೊಂಡ ಇತಿಹಾಸ

ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳನ್ನು ಎಣಿಸುವಾಗ ಮೊದಲಿಗೆ ಬರುವ ಹೆಸರು ದ್ಯೂತದ್ದು. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಇವೆಲ್ಲವೂ ಅದರ ಹಿಂದೆ ನಿಲ್ಲುತ್ತವೆ. ಅಹಿಂಸೆಯನ್ನೇ ಪರಮಧರ್ಮವೆಂದು ಸಾರಿದ ಪರಂಪರೆಯು ಬೇಟೆಗಿಂತಲೂ ಮುಂಚೆ ಜೂಜಿನ ಹೆಸರನ್ನು ಹೇಳಿತೇಕೆ ಎಂಬ ಪ್ರಶ್ನೆ ಜಿಜ್ಞಾಸುಗಳಲ್ಲಿ ಏಳುವುದು ಸಹಜ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅನರ್ಥದಂಡವ್ರತವನ್ನು ವಿವರಿಸುತ್ತ ದ್ಯೂತವನ್ನು ಮಾಯಾಕಷಾಯದೊಡನೆಯೂ ಕಳವು-ಸುಳ್ಳುಗಳೊಡನೆಯೂ ಸೇರಿಸಿ ವಿಚಾರಿಸಿದ್ದಾರೆ. ಧನನಾಶಕ್ಕಿಂತ ಹೆಚ್ಚಾಗಿ ಮನಸ್ಸಿನ ವಕ್ರತೆಯ ಕಡೆಗೆ ಅವರ ದೃಷ್ಟಿ ಹರಿದಿದೆ ಎಂಬುದನ್ನು ಗಮನಿಸಬೇಕು.

ಆ ಆಚಾರ್ಯರ ಕಣ್ಣ ಮುಂದೆ ಇದ್ದುದು ಪಗಡೆ ಮತ್ತು ದಾಳ. ಇಂದಿನ ಮನೆಗಳಲ್ಲಿ ಕೇಳಿಬರುವ ಹೆಸರು ಬೇರೆ. ಮಗನೋ ಮೊಮ್ಮಗನೋ ದೂರವಾಣಿಯ ಪರದೆಯ ಮೇಲೆ ಆಡುತ್ತಿರುವುದನ್ನು ಕಂಡು ಹಿರಿಯರು ಕೇಳಿದರೆ, “ಇದು ಜೂಜಲ್ಲ ತಾತ, ಬುದ್ಧಿಯ ಆಟ, ಪೋಕರ್” ಎಂಬ ಉತ್ತರ ಬರುತ್ತದೆ. ಹಿರಿಯರಿಗೆ ಆಟದ ನಿಯಮ ತಿಳಿದಿರುವುದಿಲ್ಲ. ಆದುದರಿಂದ ಒಂದೋ ಗದರುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಹುಡುಗನ ಮಾತಿನಲ್ಲಿ ಸತ್ಯಾಂಶವೂ ಇದೆಯೆಂಬುದು ಇಲ್ಲಿನ ತೊಡಕು. ಅನೇಕಾಂತವನ್ನು ನಂಬಿದವರು ಎದುರಾಳಿಯ ಮಾತಿನಲ್ಲಿ ಎಷ್ಟು ನಿಜವಿದೆಯೆಂದು ಮೊದಲು ಅಳೆಯಬೇಕಷ್ಟೆ. ಅದಕ್ಕಾಗಿ ಈ ಆಟದ ಮೂಲನಿಯಮಗಳನ್ನೂ ಅವು ಹುಟ್ಟಿದ ಬಗೆಯನ್ನೂ ತಿಳಿದುಕೊಳ್ಳುವುದು ಅಗತ್ಯ.

ಇಸ್ಪೀಟು ನಮಗೆ ಅಪರಿಚಿತವಲ್ಲ. ಬಾಬರನು 1527ರಲ್ಲಿ ಸಿಂಧದ ಅರಸನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿಯೇ ದಾಖಲಾಗಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ದೇವತಾಚಿತ್ರಗಳಿಂದ ಕೂಡಿದ ಹಲವು ಬಗೆಯ ಎಲೆಯಾಟಗಳನ್ನು ವಿವರಿಸಿದ್ದಾರೆ. ಇವುಗಳಲ್ಲಿ ದೊಡ್ಡ ಎಲೆಯು ಚಿಕ್ಕ ಎಲೆಯನ್ನು ಗೆಲ್ಲುತ್ತದೆ. ಗೆದ್ದ ಪಟ್ಟುಗಳನ್ನು ಎಣಿಸಿ ಆಟ ಮುಗಿಸಬಹುದು. ಹಣವಿಟ್ಟು ಆಡಿದವರು ಇರಬಹುದು, ಆದರೆ ಹಣವಿಲ್ಲದೆಯೂ ಆಟ ಪೂರ್ಣವಾಗುತ್ತದೆ. ಪೋಕರಿನಲ್ಲಿ ಹಾಗಾಗುವುದಿಲ್ಲ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಪೋಕರಿನ ಜನ್ಮಸ್ಥಳ ಅಮೆರಿಕೆಯ ನ್ಯೂ ಆರ್ಲಿಯನ್ಸ್ ಪ್ರಾಂತ. ಫ್ರೆಂಚರ ಕೈಯಲ್ಲಿದ್ದ ಲೂಯಿಸಿಯಾನಾ ಪ್ರದೇಶವನ್ನು ಅಮೆರಿಕೆಯು 1803ರಲ್ಲಿ ಕೊಂಡುಕೊಂಡಿತು. ಅಲ್ಲಿ ನೆಲೆಸಿದ್ದ ಫ್ರೆಂಚರು ‘ಪೋಕ್’ ಎಂಬ ಆಟವನ್ನು ಬಲ್ಲವರಾಗಿದ್ದರು. ಅದಕ್ಕೆ ಜರ್ಮನರ ‘ಪೋಖ್’ ಎಂಬ ಆಟ ಸೋದರಸಮಾನ. ಪೋಕರ್ ಎಂಬ ಹೆಸರು ಇವುಗಳಿಂದಲೇ ಬಂದಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇಂಗ್ಲಿಷರು ಮೂರು ಎಲೆಗಳಲ್ಲಿ ಆಡುತ್ತಿದ್ದ ‘ಬ್ರ್ಯಾಗ್’ ಎಂಬ ಆಟದ ಪ್ರಭಾವವೂ ಇದರ ಮೇಲೆ ಬಿದ್ದಿತು. ಬ್ರ್ಯಾಗ್ ಎಂದರೆ ಬಡಾಯಿ ಕೊಚ್ಚುವುದು. ನಮ್ಮ ದೇಶದಲ್ಲಿ ದೀಪಾವಳಿಯ ಕಾಲಕ್ಕೆ ಮನೆಮನೆಗಳಲ್ಲಿ ಆಡುವ ತೀನ್ ಪತ್ತಿಯು ಇದೇ ಬ್ರ್ಯಾಗಿನ ಸಂತತಿ. ಆದುದರಿಂದ ಪೋಕರು ನಮಗೆ ದೂರದ ನೆಂಟನೇ ಹೊರತು ತೀರ ಪರಕೀಯವಲ್ಲ. ಪರ್ಷಿಯಾದ ‘ಆಸ್-ನಾಸ್’ ಎಂಬ ಆಟವೇ ಮೂಲವೆಂದು ಬಹುಕಾಲ ಹೇಳುತ್ತ ಬಂದಿದ್ದರಾದರೂ, ಆ ಆಟದ ನಿಯಮಗಳ ವಿವರ ದೊರೆಯುವುದು ಪೋಕರು ಬೆಳೆದು ನಿಂತ ಮೇಲೆಯೇ ಆದ್ದರಿಂದ ವಿದ್ವಾಂಸರು ಈ ವಾದವನ್ನು ಸಂಶಯದಿಂದ ಕಾಣುತ್ತಾರೆ.

ಆರಂಭದ ಪೋಕರು ಅತಿ ಸರಳವಾದ ಆಟ. ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಎಂಬ ಐದು ಎಲೆಗಳು, ನಾಲ್ಕು ಗುರುತುಗಳು. ಒಟ್ಟು ಇಪ್ಪತ್ತು ಎಲೆಗಳ ಕಟ್ಟು. ನಾಲ್ವರು ಕುಳಿತರೆ ತಲಾ ಐದು ಎಲೆ ಹಂಚಿದೊಡನೆ ಕಟ್ಟು ಖಾಲಿ. ಬದಲಾಯಿಸಿಕೊಳ್ಳಲು ಎಲೆಯೇ ಉಳಿಯುವುದಿಲ್ಲ. ಎಲೆಗಳನ್ನು ನೋಡಿಕೊಂಡ ಮೇಲೆ ಪಣದ ಸುತ್ತು ಒಂದೇ. ಒಬ್ಬನು ಹಣ ಇಡುತ್ತಾನೆ. ಮುಂದಿನವನು ಅಷ್ಟೇ ಇಟ್ಟು ಸರಿಗಟ್ಟಬಹುದು, ಹೆಚ್ಚಿಟ್ಟು ಏರಿಸಬಹುದು, ಇಲ್ಲವೇ ಎಲೆಗಳನ್ನು ಮಗುಚಿ ಕೆಳಗಿಟ್ಟು ಹಿಂದೆ ಸರಿಯಬಹುದು. ಎಲ್ಲರೂ ಸರಿಗಟ್ಟಿದಾಗ ಎಲೆಗಳನ್ನು ತೋರಿಸುತ್ತಾರೆ; ಉತ್ತಮ ಎಲೆಗಳಿದ್ದವನಿಗೆ ನಡುವಿನ ರಾಶಿ ಸಲ್ಲುತ್ತದೆ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಹಿಂದೆ ಸರಿದರೆ ಆ ಒಬ್ಬನು ತನ್ನ ಎಲೆಗಳನ್ನು ತೋರಿಸದೆಯೇ ರಾಶಿಯನ್ನು ಎಳೆದುಕೊಳ್ಳುತ್ತಾನೆ. ಈ ಕೊನೆಯ ನಿಯಮವೇ ಪೋಕರಿನ ಜೀವಾಳ. ಕಳೆದ ಇನ್ನೂರು ವರ್ಷಗಳಲ್ಲಿ ಬೇರೆಲ್ಲ ನಿಯಮಗಳೂ ಬದಲಾಗಿವೆ, ಇದೊಂದು ಬದಲಾಗಿಲ್ಲ.

ಜೋಸೆಫ್ ಕವೆಲ್ ಎಂಬ ಇಂಗ್ಲಿಷ್ ನಟನು 1844ರಲ್ಲಿ ಪ್ರಕಟಿಸಿದ ತನ್ನ ನೆನಪುಗಳಲ್ಲಿ, 1829ರಲ್ಲಿ ನ್ಯೂ ಆರ್ಲಿಯನ್ಸಿಗೆ ಹೋಗುವ ಹಬೆಹಡಗಿನಲ್ಲಿ ಈ ಆಟವನ್ನು ಕಂಡ ಬಗೆಯನ್ನು ಬರೆದಿದ್ದಾನೆ. ಎಲೆ ಹಂಚುವವನು ಕಟ್ಟನ್ನು ಮೊದಲೇ ತನಗೆ ಅನುಕೂಲವಾಗುವಂತೆ ಜೋಡಿಸಿಟ್ಟಿದ್ದನು. ಹಡಗಿನಲ್ಲಿ ಉಂಟಾದ ಗಲಿಬಿಲಿಯಲ್ಲಿ ಲೆಕ್ಕ ತಪ್ಪಿ ಅತ್ಯುತ್ತಮ ಎಲೆಗಳು ಬೇರೊಬ್ಬನ ಪಾಲಾದವು. ಪೋಕರ್ ಕುರಿತಾದ ಅತಿ ಹಳೆಯ ವೃತ್ತಾಂತಗಳಲ್ಲೊಂದು ಮೋಸದ ವೃತ್ತಾಂತವೇ ಆಗಿರುವುದು ಆಕಸ್ಮಿಕವಿರಲಾರದು. ಮಿಸಿಸಿಪಿ ನದಿಯ ಹಡಗುಗಳಲ್ಲಿ ಹತ್ತಿ ವ್ಯಾಪಾರಿಗಳೂ ತೋಟದ ಒಡೆಯರೂ ಬೆಳೆ ಮಾರಿದ ಹಣದೊಡನೆ ದಿನಗಟ್ಟಲೆ ಪ್ರಯಾಣ ಮಾಡುತ್ತಿದ್ದರು. ಅವರ ನಡುವೆ ಸಭ್ಯರ ವೇಷದಲ್ಲಿ ವೃತ್ತಿ ಜೂಜುಗಾರರು ಸೇರಿಕೊಳ್ಳುತ್ತಿದ್ದರು. ಜೊನಾಥನ್ ಗ್ರೀನ್ ಎಂಬವನು ಸ್ವತಃ ಇಂತಹ ಜೂಜುಗಾರನಾಗಿದ್ದು, ಅದನ್ನು ತ್ಯಜಿಸಿ, 1843ರಲ್ಲಿ ಜೂಜಿನ ಕುತಂತ್ರಗಳನ್ನೂ ಕ್ಲೇಶಗಳನ್ನೂ ಬಯಲಿಗೆಳೆಯುವ ಪುಸ್ತಕವೊಂದನ್ನು ಬರೆದನು. ಪೋಕರನ್ನು ಅವನು ಕರೆದದ್ದು ‘ಮೋಸದ ಆಟ’ ಎಂದು. ಪ್ರಾಯಶ್ಚಿತ್ತ ಮಾಡಿಕೊಂಡವನ ಮಾತಿನಲ್ಲಿ ಕೊಂಚ ಉತ್ಪ್ರೇಕ್ಷೆಯಿರಬಹುದು. ಆದರೂ ಒಳಗಿನಿಂದ ಕಂಡವನ ಸಾಕ್ಷ್ಯವೆಂಬ ಬೆಲೆ ಅದಕ್ಕಿದೆ.

ಇಪ್ಪತ್ತು ಎಲೆಗಳ ಕಟ್ಟಿನಲ್ಲಿ ನಾಲ್ವರಿಗಿಂತ ಹೆಚ್ಚು ಜನ ಕೂಡುವಂತಿರಲಿಲ್ಲ. ಹೆಚ್ಚು ಜನ ಕೂಡಿದರೆ ಹೆಚ್ಚು ಹಣ. 1830ರ ದಶಕದ ವೇಳೆಗೆ 52 ಎಲೆಗಳ ಪೂರ್ಣ ಕಟ್ಟು ಬಳಕೆಗೆ ಬಂದಿತು. ಕಟ್ಟು ದೊಡ್ಡದಾದುದರಿಂದ ಒಂದೇ ಗುರುತಿನ ಐದು ಎಲೆಗಳು ಕೂಡಿಬರುವ ‘ಫ್ಲಶ್’ ಎಂಬ ಹೊಸ ಕೂಟಕ್ಕೆ ಮಾನ್ಯತೆ ದೊರೆಯಿತು; ಹಿಂದಿನ ಕಟ್ಟಿನಲ್ಲಿ ಒಂದು ಗುರುತಿಗೆ ಇದ್ದುದೇ ಐದು ಎಲೆ. ಬೇಡವಾದ ಎಲೆಗಳನ್ನು ಎಸೆದು ಕಟ್ಟಿನಿಂದ ಹೊಸದನ್ನು ಪಡೆಯುವ ಪದ್ಧತಿ 1850ರ ಹೊತ್ತಿಗೆ ನಿಯಮಪುಸ್ತಕಗಳಲ್ಲಿ ಕಾಣಿಸಿಕೊಂಡಿತು. ಇದರಿಂದ ಆಟಗಾರನಿಗೆ ಎರಡನೆಯ ಅವಕಾಶ ಸಿಕ್ಕಿತೆಂದು ಮೇಲ್ನೋಟಕ್ಕೆ ತೋರುತ್ತದೆ. ನಿಜವಾಗಿ ಆದದ್ದೇನೆಂದರೆ, ಪಣದ ಸುತ್ತು ಒಂದಿದ್ದದ್ದು ಎರಡಾಯಿತು: ಎಲೆ ಬದಲಾಯಿಸುವ ಮುನ್ನ ಒಮ್ಮೆ, ಬದಲಾಯಿಸಿದ ಮೇಲೆ ಒಮ್ಮೆ. ಕೆಲವು ಎಲೆಗಳನ್ನು ತೆರೆದಿಟ್ಟು ಆಡುವ ‘ಸ್ಟಡ್’ ಎಂಬ ಪ್ರಕಾರ ಬಂದಾಗ ಐದೆಲೆಯ ಆಟದಲ್ಲಿ ನಾಲ್ಕು ಸುತ್ತುಗಳೂ, ಏಳೆಲೆಯ ಆಟದಲ್ಲಿ ಐದು ಸುತ್ತುಗಳೂ ಆದವು. ಪೋಕರಿನ ಇತಿಹಾಸದ ದಿಕ್ಕು ಇದರಿಂದ ಸ್ಪಷ್ಟವಾಗುತ್ತದೆ. ನಿಯಮ ಬದಲಾದಾಗಲೆಲ್ಲ ಹಣವಿಡುವ ಸಂದರ್ಭಗಳು ಹೆಚ್ಚುತ್ತ ಹೋಗಿವೆ.

ಎಲೆಗಳ ತಾರತಮ್ಯವನ್ನು ಇಲ್ಲಿ ಹೇಳಿಬಿಡಬೇಕು. 52 ಎಲೆಗಳಿಂದ ಐದನ್ನು ಆರಿಸುವ ಬಗೆಗಳು 25,98,960. ಕೂಟವು ಎಷ್ಟು ವಿರಳವೋ ಅಷ್ಟು ಅದರ ಪದವಿ ಮೇಲು. ಯಾವ ಹೊಂದಿಕೆಯೂ ಇಲ್ಲದಿದ್ದರೆ ಇರುವುದರಲ್ಲಿ ದೊಡ್ಡ ಎಲೆಯೇ ಗತಿ. ಅರ್ಧದಷ್ಟು ಬಾರಿ ಹೀಗೆಯೇ ಆಗುತ್ತದೆ. ಒಂದು ಜೋಡಿ (ಎರಡು ರಾಣಿಗಳು ಇತ್ಯಾದಿ) 10,98,240 ಬಗೆಗಳಲ್ಲಿ ಬರಬಲ್ಲದು. ಎರಡು ಜೋಡಿ ಅದಕ್ಕಿಂತ ಮೇಲು, ಒಂದೇ ಬೆಲೆಯ ಮೂರು ಎಲೆ ಇನ್ನೂ ಮೇಲು. ಅನುಕ್ರಮವಾದ ಐದು ಎಲೆಗಳಿಗೆ ‘ಸ್ಟ್ರೇಟ್’ ಎಂದು ಹೆಸರು. ಅದು 10,200 ಬಗೆ. ಫ್ಲಶ್ 5,108. ಮೂರು ಒಂದು ಬೆಲೆಯವು, ಎರಡು ಇನ್ನೊಂದು ಬೆಲೆಯವು ಕೂಡಿದರೆ ‘ಫುಲ್ ಹೌಸ್’, 3,744. ಒಂದೇ ಬೆಲೆಯ ನಾಲ್ಕು ಎಲೆ, 624. ಒಂದೇ ಗುರುತಿನ ಅನುಕ್ರಮ ಎಲೆಗಳು ‘ಸ್ಟ್ರೇಟ್ ಫ್ಲಶ್’. ಒಟ್ಟು 40 ಬಗೆಗಳು ಮಾತ್ರ. ಅವುಗಳಲ್ಲಿ ಹತ್ತರಿಂದ ಎಕ್ಕದವರೆಗಿನವು ನಾಲ್ಕೇ ನಾಲ್ಕು. ಅವುಗಳನ್ನು ಸೋಲಿಸುವ ಕೂಟವಿಲ್ಲ. ಗುರುತುಗಳಲ್ಲಿ ಮೇಲುಕೀಳಿಲ್ಲ, ಇಸ್ಪೇಟು, ಆಟೀನು, ಡೈಮನ್, ಕಳಾವರ ಎಲ್ಲವೂ ಸಮಾನ.

ಸ್ಟ್ರೇಟ್ ಫ್ಲಶ್‌ಗೆ ಮಾನ್ಯತೆ ದೊರೆತ ಕಥೆ ನೀತಿಶಾಸ್ತ್ರದ ವಿದ್ಯಾರ್ಥಿಗಳಿಗೆ ರುಚಿಸುವಂಥದು. 1870ರ ದಶಕದಲ್ಲಿಯೂ ಅನುಕ್ರಮದ ಎಲೆಗಳನ್ನು ಒಂದು ಕೂಟವೆಂದು ಎಣಿಸಬೇಕೇ ಎಂಬ ಬಗ್ಗೆ ಒಮ್ಮತವಿರಲಿಲ್ಲ. ಎಣಿಸದಿದ್ದಾಗ ನಾಲ್ಕು ಎಕ್ಕಗಳು ಕೈಗೆ ಬಂದವನಿಗೆ ಸೋಲೆಂಬುದೇ ಇಲ್ಲ. ಗೆಲುವು ಖಚಿತವೆಂದು ತಿಳಿದೂ ಇನ್ನೊಬ್ಬನಿಂದ ಪಣ ಕಟ್ಟಿಸುವುದು ಸಭ್ಯನಿಗೆ ತಕ್ಕುದಲ್ಲ. ಆದುದರಿಂದ ಎಷ್ಟೇ ವಿರಳವಾಗಲಿ, ಅದನ್ನು ಸೋಲಿಸುವ ಕೂಟವೊಂದು ಇರಲೇಬೇಕು ಎಂದು ಆ ಕಾಲದ ಬರಹಗಾರರು ವಾದಿಸಿದರು. ಜೂಜುಗಾರರಲ್ಲಿಯೂ ಅಂತರಾತ್ಮದ ಕುಟುಕು ಇತ್ತೆಂಬುದು ಇದರಿಂದ ತಿಳಿಯುತ್ತದೆ. ಆದರೆ ಅವರು ಹುಡುಕಿದ ಪರಿಹಾರವನ್ನು ನೋಡಿ! ಲಕ್ಷದಲ್ಲಿ ಒಂದೆರಡು ಬಾರಿ ಬರುವ ಕೂಟವನ್ನು ಸೇರಿಸಿದ ಮಾತ್ರಕ್ಕೆ ಮನಸ್ಸಿನ ಖಚಿತತೆ ಎಷ್ಟು ಕಡಿಮೆಯಾದೀತು? ವ್ರತಭಂಗವಾಗದಂತೆ ವ್ರತವನ್ನೇ ತಿದ್ದುವ ಜಾಣ್ಮೆ ಎಲ್ಲ ದೇಶಗಳಲ್ಲಿಯೂ ಇದೆ.

ಇದೇ ಕಾಲದ ಇನ್ನೊಂದು ಸಂಗತಿ. ರಾಬರ್ಟ್ ಶೆಂಕ್ ಎಂಬವರು 1871ರಿಂದ 1876ರವರೆಗೆ ಇಂಗ್ಲೆಂಡಿನಲ್ಲಿ ಅಮೆರಿಕೆಯ ರಾಯಭಾರಿಯಾಗಿದ್ದರು. ಅಲ್ಲಿನ ಗಣ್ಯಕುಟುಂಬವೊಂದರ ಅತಿಥಿಯಾಗಿದ್ದಾಗ ಮನೆಯೊಡತಿಯ ಕೋರಿಕೆಯಂತೆ ಪೋಕರಿನ ನಿಯಮಗಳನ್ನು ಬರೆದುಕೊಟ್ಟರು. ಆಕೆ ಅದನ್ನು ಖಾಸಗಿಯಾಗಿ ಅಚ್ಚುಹಾಕಿಸಿ ಸ್ನೇಹಿತರಿಗೆ ಹಂಚಿದರು. ಸುದ್ದಿ ಸ್ವದೇಶಕ್ಕೆ ಮುಟ್ಟಿದಾಗ ರಾಷ್ಟ್ರದ ಪ್ರತಿನಿಧಿಯು ಜೂಜು ಕಲಿಸುತ್ತಿರುವನೆಂದು ಟೀಕೆಗಳು ಎದ್ದವು. ಮುಂದೆ ಬೆಳ್ಳಿಗಣಿಯೊಂದರ ಷೇರುಗಳ ಹಗರಣದಲ್ಲಿ ಹೆಸರು ಸೇರಿಕೊಂಡು ಅವರು ಹುದ್ದೆ ಬಿಡಬೇಕಾಯಿತು. ಪೋಕರಿನ ನಿಯಮ ಬರೆದುದಕ್ಕೂ ಗಣಿಯ ಹಗರಣಕ್ಕೂ ಕಾರ್ಯಕಾರಣಸಂಬಂಧ ಕಲ್ಪಿಸುವುದು ನ್ಯಾಯವಲ್ಲ.

ಪಣಕ್ಕೆ ಸಂಬಂಧಿಸಿದ ನಿಯಮಗಳಲ್ಲಿ ಒಂದನ್ನು ಮೆಚ್ಚಲೇಬೇಕು. ಆಟ ಆರಂಭವಾದಾಗ ಮೇಜಿನ ಮೇಲೆ ಎಷ್ಟು ಬಿಲ್ಲೆಗಳನ್ನು ಇಟ್ಟುಕೊಂಡಿರುವನೋ ಅಷ್ಟನ್ನು ಮಾತ್ರ ಆ ಸುತ್ತಿನಲ್ಲಿ ಪಣವಿಡಬಹುದು. ನಡುವೆ ಜೇಬಿಗೆ ಕೈಹಾಕುವಂತಿಲ್ಲ, ಹೊಲ-ಮನೆಗಳ ಪತ್ರ ತರುವಂತಿಲ್ಲ. ಎದುರಾಳಿ ಹೆಚ್ಚು ಏರಿಸಿದರೆ ಇದ್ದಷ್ಟನ್ನು ಇಟ್ಟು ಅಷ್ಟರ ಮಟ್ಟಿಗೆ ಆಟದಲ್ಲಿ ಉಳಿಯಬಹುದು. ಹಿಂದೆ ಈ ಕಟ್ಟುಪಾಡು ಇಲ್ಲದಿದ್ದಾಗ ಹಣ ಹೊಂದಿಸಿ ತರಲು ಕಾಲಾವಕಾಶ ಕೇಳಿ ಆಸ್ತಿಯನ್ನೇ ಒತ್ತೆಯಿಟ್ಟವರಿದ್ದರು. ವ್ಯಾಸಭಾರತದ ಯುಧಿಷ್ಠಿರನು ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ಪತ್ನಿ ಎಂದು ಒಂದೊಂದಾಗಿ ಒಡ್ಡುತ್ತ ಹೋದನಲ್ಲ, ಆ ಸಭೆಯಲ್ಲಿ ಇಂತಹದೊಂದು ನಿಯಮವಿದ್ದಿದ್ದರೆ ಕಥೆ ಅಲ್ಲಿಯೇ ನಿಲ್ಲುತ್ತಿತ್ತು. ಪರಿಗ್ರಹಪರಿಮಾಣವ್ರತದ ದೂರದ ನೆರಳು ಇದರಲ್ಲಿ ಕಾಣುತ್ತದೆಂದು ಹೇಳಬಹುದು. ಆದರೆ ಈ ಮಿತಿ ಒಂದು ಸುತ್ತಿಗೆ ಮಾತ್ರ. ಸುತ್ತು ಮುಗಿದೊಡನೆ ಮತ್ತೆ ಬಿಲ್ಲೆ ಕೊಳ್ಳಬಹುದು. ದೂರವಾಣಿಯಲ್ಲಿ ಅದಕ್ಕೆ ಬೆರಳು ಒತ್ತಿದರೆ ಸಾಕು.

ಇಂದು ಜಗತ್ತಿನಲ್ಲೆಲ್ಲ ಹರಡಿರುವುದು ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಪ್ರಕಾರ. ಟೆಕ್ಸಾಸಿನ ರಾಬ್ಸ್‌ಟೌನ್ ಎಂಬ ಊರನ್ನು ಅದರ ಹುಟ್ಟೂರೆಂದು ಆ ರಾಜ್ಯದ ಶಾಸನಸಭೆಯೇ 2007ರಲ್ಲಿ ಗುರುತಿಸಿದೆ. ಕ್ರಮ ಹೀಗಿದೆ. ಪ್ರತಿಯೊಬ್ಬನಿಗೂ ಎರಡೆರಡು ಎಲೆಗಳನ್ನು ಮಗುಚಿ ಹಂಚುತ್ತಾರೆ. ಹಂಚುವವನ ಎಡಗಡೆಯ ಇಬ್ಬರು ಎಲೆ ನೋಡುವ ಮುನ್ನವೇ ಗೊತ್ತಾದ ಮೊತ್ತವನ್ನು ಕಡ್ಡಾಯವಾಗಿ ಇಡಬೇಕು. ಅದಿಲ್ಲದಿದ್ದರೆ ಒಳ್ಳೆಯ ಎಲೆ ಬರುವವರೆಗೂ ಎಲ್ಲರೂ ಕೈಕಟ್ಟಿ ಕುಳಿತಾರು. ಮೊದಲ ಪಣದ ಸುತ್ತು ಮುಗಿದ ಮೇಲೆ ಮೇಜಿನ ನಡುವೆ ಎಲ್ಲರಿಗೂ ಸಾಮಾನ್ಯವಾದ ಮೂರು ಎಲೆಗಳನ್ನು ತೆರೆದಿಡುತ್ತಾರೆ, ಮತ್ತೆ ಪಣ. ನಾಲ್ಕನೆಯ ಎಲೆ, ಪಣ. ಐದನೆಯ ಎಲೆ, ಕೊನೆಯ ಪಣ. ತನ್ನ ಎರಡು, ನಡುವಿನ ಐದು, ಈ ಏಳರಲ್ಲಿ ಉತ್ತಮವಾದ ಐದನ್ನು ಆರಿಸಿ ಹೋಲಿಸಬೇಕು. ಒಬ್ಬನ ಕೈಯಲ್ಲಿ ಎರಡು ರಾಜರಿದ್ದು, ನಡುವೆ ಒಂದು ರಾಜನೂ ಆಟೀನಿನ ಮೂರು ಎಲೆಗಳೂ ಬಿದ್ದಿವೆಯೆನ್ನಿ. ಅವನ ಮೂರು ರಾಜರು ಬಲವಾದ ಕೂಟವೇ. ಆದರೂ ಎದುರಿನವನ ಮಗುಚಿದ ಎಲೆಗಳೆರಡೂ ಆಟೀನಾಗಿದ್ದರೆ ಫ್ಲಶ್ ಆಗಿ ರಾಜರು ಸೋಲುತ್ತಾರೆ. ಎದುರಿನವನು ಜೋರಾಗಿ ಏರಿಸುತ್ತಿದ್ದಾನೆ. ಅವನಲ್ಲಿ ಆಟೀನು ಇದೆಯೋ, ಇದೆಯೆಂದು ನಂಬಿಸುತ್ತಿದ್ದಾನೋ? ಮೂರು ರಾಜರನ್ನು ಕೈಯಲ್ಲಿ ಹಿಡಿದವನು ಹಿಂದೆ ಸರಿದರೆ, ಏನೂ ಇಲ್ಲದವನು ರಾಶಿಯನ್ನು ಎಳೆದುಕೊಳ್ಳುತ್ತಾನೆ.

ನೆವಾಡಾ ರಾಜ್ಯವು 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿದ್ದರಿಂದ ಲಾಸ್ ವೇಗಾಸ್ ನಗರ ಅದರ ರಾಜಧಾನಿಯಾಯಿತು. ಬೆನ್ನಿ ಬಿನಿಯನ್ ಎಂಬವನ ಜೂಜುಮನೆಯಲ್ಲಿ 1970ರಲ್ಲಿ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಎಂಬ ಸ್ಪರ್ಧೆ ಆರಂಭವಾಯಿತು. 2003ರಲ್ಲಿ ಟೆನೆಸ್ಸೀ ರಾಜ್ಯದ ಸಾಮಾನ್ಯ ಲೆಕ್ಕಿಗನೊಬ್ಬನು ಅಂತರ್ಜಾಲದ ಅರ್ಹತಾ ಆಟದ ಮೂಲಕ ಪ್ರವೇಶ ಪಡೆದು 839 ಸ್ಪರ್ಧಿಗಳ ನಡುವೆ 25 ಲಕ್ಷ ಡಾಲರ್ ಗೆದ್ದನು. ಕ್ರಿಸ್ ಮನಿಮೇಕರ್ ಎಂಬ ಅವನ ಹೆಸರೇ ಹಣ ಮಾಡುವವನೆಂಬ ಅರ್ಥದ್ದು. ಮೂರೇ ವರ್ಷಗಳಲ್ಲಿ, 2006ರ ಹೊತ್ತಿಗೆ, ಸ್ಪರ್ಧಿಗಳ ಸಂಖ್ಯೆ 8,773ಕ್ಕೆ ಏರಿತು. ಒಬ್ಬನ ಗೆಲುವನ್ನು ಜಗತ್ತೆಲ್ಲ ಕಂಡಿತು. ಸೋತ 838 ಜನರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ನೆನಪಿಲ್ಲ.

ಜೂಜುಮನೆಯಾಗಲಿ ಜಾಲತಾಣವಾಗಲಿ ಆಟಗಾರರೊಡನೆ ತಾನು ಆಡುವುದಿಲ್ಲ; ಪ್ರತಿ ರಾಶಿಯಿಂದಲೂ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ. ಉದಾಹರಣೆಗೆ ಆರು ಜನರು ತಲಾ 1,000 ರೂಪಾಯಿ ತಂದು ಕುಳಿತರೆನ್ನೋಣ. ಸರಾಸರಿ 200 ರೂಪಾಯಿಯ ರಾಶಿಯಿಂದ ನೂರಕ್ಕೆ ಐದರಂತೆ ಕಳೆದರೆ, ನೂರು ಸುತ್ತುಗಳು ಮುಗಿಯುವ ಹೊತ್ತಿಗೆ 1,000 ರೂಪಾಯಿ ಮನೆಯ ಪಾಲಾಗಿರುತ್ತದೆ. ಆರು ಜನರ ಜಾಣ್ಮೆಯೆಲ್ಲ ಸೇರಿದರೂ 6,000 ರೂಪಾಯಿ 5,000 ಆಗಿದೆ. ವ್ಯಾಪಾರದಲ್ಲಿ ಕೊಂಡವನಿಗೂ ಮಾರಿದವನಿಗೂ ಲಾಭವಾಗುವುದುಂಟು. ಇಲ್ಲಿ ಅದು ಸಾಧ್ಯವಿಲ್ಲ. ವ್ಯಾಪಾರಿ ಕುಲದಲ್ಲಿ ಹುಟ್ಟಿದ ನಮ್ಮ ಅನೇಕ ತರುಣರು ಈ ಸರಳವಾದ ಲೆಕ್ಕವನ್ನು ಹಾಕದಿರುವುದು ಆಶ್ಚರ್ಯದ ಸಂಗತಿ.

ಈಗ ಹುಡುಗನ ವಾದಕ್ಕೆ ಬರೋಣ. ಪೋಕರಿನಲ್ಲಿ ಕೌಶಲವಿದೆಯೇ? ನಿಸ್ಸಂದೇಹವಾಗಿ ಇದೆ. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಗಣಿತಸಿದ್ಧಾಂತಕ್ಕೆ ತಳಹದಿ ಹಾಕಿದರು. ಮಾರ್ಗನ್‌ಸ್ಟರ್ನ್ ಅವರೊಡನೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋಕರಿಗೇ ವಿಶೇಷ ವಿವೇಚನೆಯನ್ನು ಮೀಸಲಿಟ್ಟರು. ಎಲೆ ಚೆನ್ನಾಗಿದ್ದಾಗ ಮಾತ್ರ ಪಣ ಏರಿಸುವವನು ಎದುರಾಳಿಗೆ ತೆರೆದ ಪುಸ್ತಕವಾಗಿಬಿಡುತ್ತಾನೆ; ಆದುದರಿಂದ ಗೊತ್ತಾದ ಪ್ರಮಾಣದಲ್ಲಿ ಕೆಟ್ಟ ಎಲೆಯಿಂದಲೂ ಏರಿಸಲೇಬೇಕು ಎಂದು ಅವರು ಗಣಿತದಿಂದಲೇ ತೋರಿಸಿದರು. 2017ರ ಜನವರಿಯಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದ ‘ಲಿಬ್ರೇಟಸ್’ ಎಂಬ ಗಣಕವ್ಯವಸ್ಥೆಯು ನಾಲ್ವರು ವೃತ್ತಿ ಆಟಗಾರರೊಡನೆ 1,20,000 ಸುತ್ತುಗಳನ್ನು ಆಡಿ ಗೆದ್ದಿತು. ಅದು ಗೆಲ್ಲಲು ಹುಸಿ ಏರಿಕೆಯನ್ನು, ಅಂದರೆ ‘ಬ್ಲಫ್’ ಅನ್ನು, ಧಾರಾಳವಾಗಿ ಬಳಸಿತ್ತು. ಯಂತ್ರಕ್ಕೆ ಕಷಾಯವಿಲ್ಲ, ಕರ್ಮಬಂಧವೂ ಇಲ್ಲ. ಅದನ್ನು ಅನುಕರಿಸಲು ಹೊರಟ ಮನುಷ್ಯನ ಸ್ಥಿತಿ ಬೇರೆ.

ಏಕೆಂದರೆ ಇಲ್ಲಿ ಕೌಶಲವೆಂದು ಹೊಗಳಿಸಿಕೊಳ್ಳುವ ಗುಣ ಯಾವುದು? ಇಲ್ಲದ್ದನ್ನು ಇದೆಯೆಂದೂ ಇದ್ದದ್ದನ್ನು ಇಲ್ಲವೆಂದೂ ತೋರಿಸಿ, ನಂಬಿದವನ ಹಣವನ್ನು ಪಡೆಯುವ ಗುಣ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಮೂರನೆಯದರ ಲಕ್ಷಣ ಇದೇ ಅಲ್ಲವೇ? ಪೋಕರು ಸಂಯಮವನ್ನು ಕಲಿಸುತ್ತದೆ, ಸೋತಾಗ ಕೋಪಗೊಳ್ಳದಿರುವುದನ್ನೂ ಗೆದ್ದಾಗ ಹಿಗ್ಗದಿರುವುದನ್ನೂ ಅಭ್ಯಾಸ ಮಾಡಿಸುತ್ತದೆ ಎಂದು ಅದರ ಅಭಿಮಾನಿಗಳು ವಾದಿಸುತ್ತಾರೆ. ಈ ಮಾತನ್ನು ಹಾಸ್ಯಮಾಡಿ ತಳ್ಳಿಬಿಡಲಾಗದು. ಉದ್ವೇಗಕ್ಕೆ ಒಳಗಾದವನು ಬೇಗನೆ ಸೋಲುವುದು ನಿಜ. ಆದರೆ ಆ ಶಾಂತಿ ಮುಖದ ಮೇಲಿನದು. ಒಳಗಿನ ಹರ್ಷ-ಕ್ರೋಧಗಳು ಎದುರಿನವನಿಗೆ ಕಾಣದಂತೆ ಮುಚ್ಚುವುದಕ್ಕಾಗಿಯೇ ಅದನ್ನು ಸಾಧಿಸಲಾಗುತ್ತದೆ. ಕ್ರೋಧವನ್ನು ಮಾಯೆಯಿಂದ ಹೊದಿಸಿದರೆ ಕಷಾಯದ ಸಂಖ್ಯೆ ಒಂದು ಕಡಿಮೆಯಾಗುವುದಿಲ್ಲ, ಒಂದು ಹೆಚ್ಚುತ್ತದೆ.

ನಮ್ಮ ದೇಶದ ಕಾನೂನು ಬಹುಕಾಲ ಇನ್ನೊಂದು ಪ್ರಶ್ನೆಯನ್ನು ಕೇಳುತ್ತಿತ್ತು. 1867ರ ಸಾರ್ವಜನಿಕ ಜೂಜು ಅಧಿನಿಯಮವು ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತು. 1963ರ ಕರ್ನಾಟಕ ಪೊಲೀಸ್ ಅಧಿನಿಯಮದಲ್ಲಿಯೂ ಅಂತಹ ವಿನಾಯಿತಿಯಿದೆ. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯ 1968ರಲ್ಲಿ ಹೇಳಿತು. ಪೋಕರ್ ವಿಷಯದಲ್ಲಿ ನ್ಯಾಯಾಲಯಗಳು ಏಕಾಭಿಪ್ರಾಯಕ್ಕೆ ಬರಲಿಲ್ಲ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶವೊಂದು ಅದನ್ನು ಕೌಶಲದ ಆಟವಾಗಿ ಆಡುವವರಿಗೆ ಅನುಕೂಲವಾಗಿದ್ದರೆ, 2017ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ಅದನ್ನು ಜೂಜೆಂದೇ ಪರಿಗಣಿಸಿತು. ಕರ್ನಾಟಕವು 2021ರಲ್ಲಿ ತಿದ್ದುಪಡಿ ತಂದು ಅಂತರ್ಜಾಲದ ಪಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಅಧಿನಿಯಮವು ಈ ವಾದದ ದಿಕ್ಕನ್ನೇ ಬದಲಿಸಿತು. ಕೌಶಲವೋ ಅದೃಷ್ಟವೋ ಎಂಬುದನ್ನು ಬದಿಗಿಟ್ಟು, ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಅಂತರ್ಜಾಲದ ಆಟವೆಲ್ಲವನ್ನೂ ಅದು ನಿಷೇಧದ ವ್ಯಾಪ್ತಿಗೆ ತಂದಿತು. ಪಣವೇ ಪ್ರಶ್ನೆ, ಕೌಶಲವಲ್ಲ ಎಂಬ ಶ್ರಾವಕಾಚಾರದ ನಿಲುವಿಗೆ ಶಾಸನವು ತನ್ನದೇ ದಾರಿಯಿಂದ ಬಂದು ಮುಟ್ಟಿದಂತಾಯಿತು. ಗುಜರಾತಿನ ಕುಮಾರಪಾಲನೂ 12ನೇ ಶತಮಾನದಲ್ಲಿ ತನ್ನ ರಾಜ್ಯದಲ್ಲಿ ದ್ಯೂತವನ್ನು ನಿಷೇಧಿಸಿದ್ದನು. ಯಶಃಪಾಲನ ಮೋಹರಾಜಪರಾಜಯ ನಾಟಕದಲ್ಲಿ ದ್ಯೂತವು ಪಾತ್ರವಾಗಿಯೇ ಬಂದು ನಗರದಿಂದ ಗಡೀಪಾರಾಗುತ್ತದೆ.

ಪರದೆಯ ಮೇಲಿನ ಆಟಕ್ಕೆ ಶಾಸನವಿದೆ. ದೀಪಾವಳಿಯ ರಾತ್ರಿ ಮನೆಯ ಜಗಲಿಯಲ್ಲಿ, ನೆಂಟರಿಷ್ಟರ ನಡುವೆ ನಡೆಯುವ ಆಟದ ಮಾತೇನು? ಭಗವಾನ್ ಮಹಾವೀರರ ನಿರ್ವಾಣದ ರಾತ್ರಿಯೂ ಅದೇ ಎಂಬುದು ಒಂದು ಕಡೆಗಿರಲಿ. “ಹಣ ಇಡುವುದಿಲ್ಲ, ಹುಣಸೆ ಬೀಜ ಇಟ್ಟು ಆಡುತ್ತೇವೆ” ಎಂದು ಮಕ್ಕಳು ಕೇಳಿದರೆ ಹಿರಿಯರು ಏನು ಹೇಳಬೇಕು? ರಮ್ಮಿಯನ್ನು ಹುಣಸೆ ಬೀಜದಲ್ಲಿ ಆಡಬಹುದು. ಎಲೆ ಜೋಡಿಸುವ ಚಾತುರ್ಯ ಅಲ್ಲಿಯೂ ಉಳಿಯುತ್ತದೆ. ಪೋಕರನ್ನು ಬೀಜದಲ್ಲಿ ಆಡಿ ನೋಡಿದವರಿಗೆ ಗೊತ್ತು: ಅರ್ಧಗಂಟೆಯಲ್ಲಿ ಆಟ ಸಪ್ಪೆಯಾಗುತ್ತದೆ. ಕಳೆದುಕೊಳ್ಳುವ ಭಯವಿಲ್ಲದವನು ಯಾವ ಏರಿಕೆಗೂ ಹೆದರಿ ಹಿಂದೆ ಸರಿಯುವುದಿಲ್ಲ. ಹಿಂದೆ ಸರಿಯುವವರಿಲ್ಲದಿದ್ದರೆ ಬ್ಲಫಿಗೆ ಅರ್ಥವಿಲ್ಲ. ಅದಿಲ್ಲದಿದ್ದರೆ ಉಳಿಯುವುದು ಯಾರಿಗೆ ಯಾವ ಎಲೆ ಬಂತೆಂಬ ಅದೃಷ್ಟವಷ್ಟೆ. ಆಗ ಬೀಜದ ಬದಲು ಐದು ರೂಪಾಯಿ ಇಡೋಣವೆಂದು ಯಾರೋ ಒಬ್ಬರು ಹೇಳುತ್ತಾರೆ.

13ನೇ ಶತಮಾನದಲ್ಲಿ ಮಾಲವದೇಶದಲ್ಲಿದ್ದ ಪಂಡಿತ ಆಶಾಧರರಿಗೂ ಈ ಪ್ರಶ್ನೆ ಎದುರಾಗಿತ್ತೆಂದು ತೋರುತ್ತದೆ. ಸಾಗಾರಧರ್ಮಾಮೃತದಲ್ಲಿ ಅವರು ಪಣವನ್ನು ತೊರೆದವನ ವಿನೋದದ ಪಂದ್ಯವನ್ನೂ ಪ್ರತ್ಯೇಕವಾಗಿ ಎತ್ತಿಕೊಂಡು, ಅದನ್ನು ವ್ಯಸನವೆನ್ನದೆ, ದ್ಯೂತತ್ಯಾಗಕ್ಕೆ ತಗಲುವ ದೋಷವೆಂದು ಎಣಿಸಿದ್ದಾರೆ. ಗೆದ್ದವನ ಹರ್ಷ ಮತ್ತು ಸೋತವನ ಅಸಹನೆ ಅವರು ಕೊಡುವ ಕಾರಣ. ಹಾಗಾದರೆ ಚದುರಂಗವೂ ಮಕ್ಕಳ ಕ್ರಿಕೆಟ್ಟೂ ದೋಷವೇ ಎಂದು ಕೇಳುವವರಿದ್ದಾರೆ. ಗೃಹಸ್ಥರ ಅಣುವ್ರತಕ್ಕೆ ಅಷ್ಟು ಸೂಕ್ಷ್ಮವನ್ನು ಹೊರಿಸಬಾರದೆಂದು ಹೇಳುವ ಪಂಡಿತರೂ ಇದ್ದಾರೆ. ಈ ಚರ್ಚೆಯನ್ನು ಸ್ವಾಧ್ಯಾಯಮಂಡಲಿಗಳು ಎತ್ತಿಕೊಳ್ಳುವುದಾದರೆ, ಸಾಗಾರಧರ್ಮಾಮೃತದ ಆ ಭಾಗವನ್ನು ಆಶಾಧರರೇ ಬರೆದ ಟೀಕೆಯೊಡನೆ ಓದಿಸಿ, ಎಲೆಯಾಟವನ್ನು ಬಲ್ಲ ತರುಣರನ್ನೂ ಜೊತೆಗೆ ಕೂರಿಸಿಕೊಳ್ಳುವುದು ಒಳಿತು.